ಹದಿನಾರು ಪುಟ, ನಾಲ್ಕು ಪುಟ

ಕ್ವಾರ್ಟರ್ಸ್, ಮೂರನೇ ಸಾಲು, ಕೊನೆಯ ಮನೆ
ಭಾನುವಾರ, ಜೂನ್ ೮

ಪ್ರೀತಿಯ ಅಪ್ಪಾ,

ಒಂದೇ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುವ ಮಕ್ಕಳಿಗೆ ಕಾರ್ಖಾನೆಯ ಶಾಲೆಯವರು ಎರಡು ಬೇರೆ ಬೇರೆ ಪುಸ್ತಿಕೆ ಹಂಚಿದ್ದಾರೆ. ಬಂಗಲೆ ಸಾಲಿನ ಅಧಿಕಾರಿಗಳ ಮಕ್ಕಳಿಗೆ ಹದಿನಾರು ಪುಟದ್ದು, ನಮ್ಮ ಸಾಲಿನವರಿಗೆ ನಾಲ್ಕು ಪುಟದ್ದು. ಇದು ಅನ್ಯಾಯ. ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿರುವ ಮೊದಲ ಕಾಗದವನ್ನು ಹೀಗೆ ಶುರುಮಾಡಬಾರದೆಂದು ಗೊತ್ತು. ‘ಲೌಡ್‌ಸ್ಪೀಕರ್ ಮತ್ತೆ ಶುರುವಾಯ್ತು’ ಎಂದು ನೀವು ಗೊಣಗುವುದೂ ಇಲ್ಲಿಗೇ ಕೇಳಿಸುತ್ತಿದೆ. ಅದಿರಲಿ, ಮೊದಲು ಹೇಳಿ, ಕೆಮ್ಮು ಹೇಗಿದೆ? ನೀವು ಈಗಿರುವ ಮೇಲಿನ ಘಟಕದಲ್ಲಿ ಬಣ್ಣದ ತೊಟ್ಟಿಗಳ ಮೇಲೆ ಮುಚ್ಚಳ ಇದೆಯೋ, ಅಲ್ಲೂ ಇಲ್ಲಿನ ಹಾಗೆ ಹಬೆಯೆಲ್ಲ ಮೂಗಿಗೇ ಬರುತ್ತದೋ? ಈ ಕಾಗದ ಒಯ್ಯಲಿರುವ ಲಾರಿ ಡ್ರೈವರು ‘ನಿಮ್ಮಪ್ಪ ಸ್ವಲ್ಪ ಸೊರಗಿದ್ದಾರೆ, ಆದ್ರೆ ಹಳೇ ಗಡಿಯಾರದ ಹಾಗೆ ನಡೀತಿದಾರೆ’ ಎಂದ. ಆ ಗಡಿಯಾರದ ಹೋಲಿಕೆ ನನಗೆ ಹಿಡಿಸಲಿಲ್ಲ. ಅಜ್ಜಿ ನಿಮಗೆಂದು ಹೆಣೆದ ಉಣ್ಣೆಯ ಸ್ವೆಟರನ್ನು ಇದರ ಜೊತೆ ಕಳಿಸಿದ್ದೇನೆ. ಒಂದು ತೋಳು ಇನ್ನೊಂದಕ್ಕಿಂತ ಉದ್ದವಾಗಿದೆ. ಅಜ್ಜಿಗೆ ಹೇಳಬೇಡಿ. ಅವಳು ಹತ್ತು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ವಯಸ್ಸಾಯಿತಲ್ಲ.

ಪುಸ್ತಿಕೆಯ ವಿಷಯ ನನಗೆ ಯಾರೋ ಹೇಳಿದ್ದಲ್ಲ, ಎರಡನ್ನೂ ಮಡಚಿದವನು ನಾನೇ. ಶಾಲೆಯ ಅಚ್ಚಿನ ಕೆಲಸವೆಲ್ಲ ನಮ್ಮ ಪ್ರೆಸ್ಸಿಗೇ ಬರುತ್ತದೆ. ಒಂದು ದೊಡ್ಡ ಹಾಳೆಗೆ ಮೂರು ಮಡಿಕೆ ಹಾಕಿದರೆ ಹದಿನಾರು ಪುಟ, ಚಿಕ್ಕ ಹಾಳೆಗೆ ಒಂದೇ ಮಡಿಕೆ ಹಾಕಿದರೆ ನಾಲ್ಕು. ಮೂಳೆಯ ಪಟ್ಟಿಯಿಂದ ಅಂಚು ತೀಡುತ್ತಾ ನಾನು ಓದುತ್ತೇನೆಂದು ನಿಮಗೆ ಗೊತ್ತು. ನನ್ನ ಕಾಲೇಜೆಲ್ಲ ಆ ಮೇಜೇ. ದೊಡ್ಡ ಪುಸ್ತಿಕೆಯಲ್ಲಿ ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಉನ್ನತ ಭೌತಶಾಸ್ತ್ರ, ಉನ್ನತ ರಸಾಯನಶಾಸ್ತ್ರ, ಉನ್ನತ ಜೀವಶಾಸ್ತ್ರ, ಜೊತೆಗೆ ಗಣಿತ, ವಾರಕ್ಕೆ ಮೂರು ಮಧ್ಯಾಹ್ನ ಪ್ರಯೋಗಾಲಯ, ಕೊನೆಗೆ ವಿಜ್ಞಾನ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವ ಹಕ್ಕು. ಚಿಕ್ಕದರಲ್ಲಿ ‘ಬಳಕೆಯ ವಿಜ್ಞಾನ’ ಎಂಬ ಒಂದೇ ವಿಷಯ. ಸಾಬೂನು ಮಾಡುವುದು, ಪಂಪು ಬಿಚ್ಚಿ ಜೋಡಿಸುವುದು, ಫ್ಯೂಸ್ ಕಟ್ಟುವುದು. ಪ್ರವೇಶ ಪರೀಕ್ಷೆಯ ಸೊಲ್ಲೇ ಇಲ್ಲ. ಆಯ್ಕೆ ಮಾಡಿ ಎಂದು ಮೇಲೆ ದಪ್ಪಕ್ಷರದಲ್ಲಿದೆ, ಕೆಳಗೆ ಆರಿಸಲು ಎರಡನೆಯದಿಲ್ಲ. ಹೊಟ್ಟೆ ಹಸಿದವನ ಮುಂದೆ ಖಾಲಿ ತಟ್ಟೆಯಿಟ್ಟು ಏನು ಬಡಿಸಲಿ ಎಂದು ಕೇಳಿದ ಹಾಗೆ. ಪ್ರೆಸ್ ಯಜಮಾನರಿಗೆ ತೋರಿಸಿದೆ. ‘ನಮ್ದು ಮಡಚೋ ಕೆಲ್ಸ ಕಣೋ, ಬಿಚ್ಚೋದಲ್ಲ’ ಎಂದರು.

ನಾನು ಬಿಚ್ಚಿದೆ. ಚಿಕ್ಕ ಪುಸ್ತಿಕೆ ಬಂದ ಹದಿನಾಲ್ಕು ಮನೆಯವರನ್ನು ನಮ್ಮ ಕೋಣೆಗೆ ಕರೆದೆ. ಕೂರಲು ಜಾಗ ಸಾಲದೆ, ಮಗಳ ಸರದಿ ಮುಂದಿನ ವರ್ಷವಾದರೂ ಬಂದಿದ್ದ ಬಾಯ್ಲರ್ ಮಾವ ಹಿಟ್ಟಿನ ಡಬ್ಬದ ಮೇಲೆ ಕೂತು ಅದರ ಮುಚ್ಚಳ ತಗ್ಗಿಸಿದರು. ಎರಡೂ ಪುಸ್ತಿಕೆಯನ್ನು ಪಕ್ಕಪಕ್ಕ ಗೋಡೆಗೆ ಅಂಟಿಸಿದೆ. ಕಲಿಕೆ ಯಾರಪ್ಪನ ಮನೆಯ ಸೊತ್ತೂ ಅಲ್ಲ ಎಂದೆ. ಇಡೀ ತರಗತಿಗೆ ಒಂದೇ ಪುಸ್ತಿಕೆ ಕೊಡುವವರೆಗೆ ವಿಷಯ ಆರಿಸಿ ತುಂಬಿಕೊಡುವ ಫಾರಂ ನಮ್ಮ ಸಾಲಿನಿಂದ ಒಂದು ಕೂಡ ಹೋಗಬಾರದು ಎಂದೆ. ಎಲ್ಲರೂ ಕೈಯೆತ್ತಿದರು. ಎಲ್ಲರಿಗಿಂತ ಮೇಲೆ ಹೋದದ್ದು ಫಿಟ್ಟರ್ ಮಾವನ ಕೈ. ‘ನನ್ ಮಗನ ಫಾರಂ ಒಲೆಗೆ ಹಾಕ್ತೀನಿ, ಆದ್ರೆ ಅಲ್ಲಿಗೆ ಕೊಡಲ್ಲ’ ಎಂದರು. ಯಜಮಾನರು ಊಟಕ್ಕೆ ಹೋದಾಗ ಅವರದೇ ಯಂತ್ರದಲ್ಲಿ ಕರಪತ್ರ ಹೊಡೆದೆ. ಅಪ್ಪಾ, ಸುಳ್ಳೇಕೆ ಹೇಳಲಿ, ಆ ವಾರ ನನ್ನ ಜೀವನದಲ್ಲೇ ತುಂಬ ಸಂತೋಷದ ವಾರ.

ತಂಗಿಗೆ ನೀವು ‘ಯಾಕಮ್ಮ’ ಎಂದು ಹೆಸರಿಟ್ಟಿರಿ, ಮಾತೆತ್ತಿದರೆ ಯಾಕೆ ಎನ್ನುತ್ತಾಳೆಂದು. ನೀವು ಹೋದ ಮೇಲೆ ಅವಳು ಎಷ್ಟು ಬೆಳೆದಿದ್ದಾಳೆಂದು ನಿಮಗೆ ಗೊತ್ತಿಲ್ಲ. ಪ್ರೆಸ್ಸಿನಲ್ಲಿ ಉಳಿದ, ಶಾಯಿ ಹೀರುವ ಒತ್ತುಕಾಗದದ ಪಟ್ಟಿಗಳನ್ನು ನನ್ನಿಂದ ತರಿಸಿಕೊಂಡು, ಕಾರ್ಖಾನೆಯ ಮೋರಿಯ ಕಪ್ಪು ನೀರಿನ ಒಂದು ತೊಟ್ಟು ಅದರ ಬುಡದಿಂದ ಸ್ವಲ್ಪ ಮೇಲೆ ಹಾಕಿ, ಬುಡವನ್ನು ಲೋಟದ ನೀರಿಗೆ ತಾಗಿಸಿ ಕಿಟಕಿಯಲ್ಲಿ ನೇತುಹಾಕುತ್ತಿದ್ದಳು. ನೀರು ಮೇಲೇರಿದ ಹಾಗೆ ಕಪ್ಪು ಒಡೆದು ನೀಲಿ ಒಂದು ಕಡೆ, ಹಳದಿ ಒಂದು ಕಡೆ, ಮಧ್ಯೆ ತುಕ್ಕಿನಂಥ ಒಂದು ಗೆರೆ. ಆ ಗೆರೆ ಏನೆಂದು ಅವಳಿಗೆ ಬೇಕು. ‘ಅಪ್ಪನ ಕರವಸ್ತ್ರದ ಮೇಲೂ ಇದೇ ಬಣ್ಣ ಇರ್ತಿತ್ತು ಕಣೋ’ ಎಂದಳು ಒಮ್ಮೆ. ಅದನ್ನು ಪತ್ತೆಮಾಡಲು ಬೇಕಾದ ಪಾಠ ಹದಿನಾರು ಪುಟದ ಪುಸ್ತಿಕೆಯ ಒಂಬತ್ತನೇ ಪುಟದಲ್ಲಿದೆ, ಉನ್ನತ ರಸಾಯನ, ಎರಡನೇ ವರ್ಷ. ಅವಳು ಆ ಪುಟವನ್ನು ನೋಡಿ ನೋಡಿ ಮೂಲೆಯನ್ನು ಮೆತ್ತಗೆ ಮಾಡಿದ್ದಳು.

ಮೇ ತಿಂಗಳ ಕೊನೆಯ ಬುಧವಾರ ಸಂಜೆ ಅವಳ ರಸಾಯನದ ಮೇಡಂ ಮನೆಗೇ ಬಂದರು. ಆಮ್ಲ ಬಿದ್ದು ತೂತಾದ ತೋಳಿನ ಕೋಟು ಹಾಕಿಕೊಂಡೇ ಬಂದಿದ್ದರು. ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎಂದರೂ ಬರದೆ, ಗುಟ್ಟು ಹೇಳುವವರ ಹಾಗೆ ಹೇಳಿದರು: ‘ನಿನ್ನ ಕರಪತ್ರಕ್ಕೆ ಹೆಡ್‌ಮಿಸ್ ಹೆದರಿದಾರಪ್ಪಾ. ನಿಮ್ಮ ಸಾಲಿಗೆ ಉನ್ನತ ವಿಭಾಗದಲ್ಲಿ ನಾಲ್ಕು ಜಾಗ ಬಿಡ್ತಾರೆ. ಶುಕ್ರವಾರ ನಾಲ್ಕು ಗಂಟೆ ಒಳಗೆ ಫಾರಂ ಕೊಡ್ಬೇಕು. ಇವಳ ಹೆಸರು ನಾನೇ ಪೆನ್ಸಿಲಲ್ಲಿ ಬರೆದಿಟ್ಟಿದೀನಿ.’ ಹದಿನಾಲ್ಕು ಮಕ್ಕಳಿಗೆ ನಾಲ್ಕು ಜಾಗ! ಅದು ಜಾಗವಲ್ಲ, ಲಂಚ ಎಂದೆ ನಾನು. ನಾಲ್ವರನ್ನು ಕೊಂಡುಕೊಂಡು ಹತ್ತು ಜನರ ಬಾಯಿ ಮುಚ್ಚಿಸುವ ಹಳೆಯ ಉಪಾಯ ಎಂದೆ. ಮೇಡಂ ನನ್ನ ಕಡೆ ನೋಡಲೇ ಇಲ್ಲ. ನನ್ನ ಭುಜದ ಮೇಲಿಂದ ತಂಗಿಯನ್ನು ನೋಡಿ, ‘ನಾಳೆ ಬರ್ತೀಯಲ್ಲಮ್ಮಾ?’ ಎಂದು ಕೇಳಿ ಹೋದರು.

ಶುಕ್ರವಾರ ನಾಲ್ಕು ಗಂಟೆಗೆ ಏನಾಯಿತೆಂದು ಹೇಳುತ್ತೇನೆ. ಹದಿನಾಲ್ಕು ಮನೆಗಳಲ್ಲಿ ಹದಿಮೂರು ಫಾರಂ ಹೋಗಿದ್ದವು. ಮೊಟ್ಟಮೊದಲು ಹೋದದ್ದು ಫಿಟ್ಟರ್ ಮಾವನದು, ಗುರುವಾರ ಶಾಲೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದರಂತೆ. ಆಮೇಲೆ ಸಿಕ್ಕಾಗ ‘ಒಲೆ ಆರಿಹೋಗಿತ್ತು ಕಣಪ್ಪಾ’ ಎಂದು ಹಲ್ಲುಕಿರಿದರು. ನಾಲ್ಕು ಜಾಗ ತುಂಬಿತು, ಉಳಿದ ಒಂಬತ್ತು ಮಂದಿ ಸಾಬೂನು ಮಾಡಲು ಹೊರಟರು. ಕೊಟ್ಟ ಮಾತಿಗೆ ನಿಂತವಳು ನಿಮ್ಮ ಮಗಳೊಬ್ಬಳೇ. ಅವಳ ಫಾರಂ ಮಾತ್ರ ಹೋಗಲಿಲ್ಲ. ಫಾರಂ ಇಲ್ಲದವರಿಗೆ ಬಳಕೆಯ ವಿಜ್ಞಾನವೂ ಇಲ್ಲ, ಶಾಲೆಯ ಪಟ್ಟಿಯಲ್ಲೇ ಹೆಸರಿಲ್ಲ. ಮುಂದಿನ ವಾರ ಕಳೆದು ತರಗತಿಗಳು ಶುರುವಾಗುತ್ತವೆ.

ಈಗ ಅವಳು ಪ್ರೆಸ್ಸಿನಲ್ಲಿ ನನ್ನ ಪಕ್ಕ ಕೂತು ಮಡಚುತ್ತಾಳೆ. ಯಾರೂ ಹೇಳಲಿಲ್ಲ, ಸೋಮವಾರ ಬೆಳಗ್ಗೆ ತಾನಾಗಿ ಎದ್ದು ನನ್ನ ಹಿಂದೆ ಬಂದಳು. ಯಜಮಾನರು ‘ಅಣ್ಣನಿಗಿಂತ ಕೈ ಚುರುಕು, ಬಾಯಿ ಕಡಿಮೆ’ ಎಂದು ಖುಷಿಯಾಗಿದ್ದಾರೆ. ನಿಜ, ನನಗಿಂತ ಬೇಗ ಮಡಚುತ್ತಾಳೆ. ಆದರೆ ಹಾಳೆಯ ಮೇಲಿರುವುದನ್ನು ಓದುವುದಿಲ್ಲ. ನಾನು ಓದುತ್ತೇನೆ, ಅವಳು ಓದುವುದಿಲ್ಲ. ಕಿಟಕಿಯಲ್ಲಿದ್ದ ಪಟ್ಟಿಗಳನ್ನೆಲ್ಲ ತೆಗೆದು ಒಲೆ ಹೊತ್ತಿಸಲು ಅಜ್ಜಿಗೆ ಕೊಟ್ಟಳು. ಈ ಹತ್ತು ದಿನದಲ್ಲಿ ಅವಳ ಬಾಯಿಂದ ಯಾಕೆ ಎಂಬ ಮಾತು ನಾನು ಒಮ್ಮೆಯೂ ಕೇಳಿಲ್ಲ. ನಮ್ಮ ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ಅಮ್ಮ ತೀರಿಕೊಂಡ ವಾರದಲ್ಲಿ ಮಾತ್ರ.

ಇನ್ನೊಂದು ವಿಷಯ. ಮೊನ್ನೆ ನಾನು ಫಿಟ್ಟರ್ ಮಾವನನ್ನು ದ್ರೋಹಿ ಎಂದು ಮನೆಯಲ್ಲಿ ಕೂಗಾಡುತ್ತಿದ್ದೆ. ಅಜ್ಜಿ ಹೆಣಿಗೆ ಕೆಳಗಿಟ್ಟಳು. ‘ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲೋ’ ಎಂದಳು. ‘ಹೋದ ವರ್ಷ ಕಾರ್ಖಾನೆ ಮುಷ್ಕರದ ಹತ್ತನೇ ದಿನ ನಿಮ್ಮಪ್ಪ ಹಿಂದಿನ ಗೇಟಲ್ಲಿ ಒಳಗೆ ಹೋದ. ಊರೋರ ಮುಂದೆ ನೀನು ಅವನಿಗೆ ಇದೇ ಮಾತು ಅಂದೆ, ಅವನು ಮೇಲಿನ ಘಟಕಕ್ಕೆ ಹೊರಟುಹೋದ. ಹತ್ತನೇ ದಿನವೇ ಯಾಕೆ ಹೋದ ಅಂತ ಒಂದ್ಸಲ ಆದ್ರೂ ಕೇಳಿದ್ಯೇನೋ?’ ನಾನು ಕೇಳಿರಲಿಲ್ಲ. ಅವಳೇ ಹೇಳಿದಳು. ಹತ್ತು ದಿನ ಒಟ್ಟಿಗೆ ಗೈರುಹಾಜರಾದರೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ, ಹೆಸರು ಹೋದರೆ ಕಾರ್ಖಾನೆಯ ಶಾಲೆಯಲ್ಲಿ ಮಕ್ಕಳ ಹೆಸರೂ ಹೋಗುತ್ತದೆ. ಬಾಯ್ಲರ್ ಮಾವ ಮುಷ್ಕರದ ಹತ್ತೊಂಬತ್ತು ದಿನವೂ ಹೊರಗೆ ನಿಂತರು. ಅವರ ಮಗಳು ಯಾಕಮ್ಮನ ಜೊತೆಗಾತಿ, ಒಂದು ವರ್ಷ ಕಳೆದುಕೊಂಡು ಈಗ ಕೆಳಗಿನ ತರಗತಿಯಲ್ಲಿದ್ದಾಳೆ. ಅವರ ಕಾಲಿಗೆ ನಾನು ಈಗಲೂ ನಮಸ್ಕಾರ ಮಾಡುತ್ತೇನೆ. ಆದರೆ ನೀವು ಒಳಗೆ ಹೋದದ್ದಕ್ಕೆ ಏನು ಹೇಳಬೇಕೆಂದು ನಾನು ಓದಿದ ಯಾವ ಕರಪತ್ರದಲ್ಲೂ ಇಲ್ಲ. ನೀವು ಯಾಕೆ ಹೇಳಲಿಲ್ಲ ಅಪ್ಪಾ? ಹೇಳಿದ್ದರೂ ಆ ದಿನ ನಾನು ಕೂಗಿ ನಿಮ್ಮ ಮಾತು ಮುಚ್ಚಿಸುತ್ತಿದ್ದೆನೇನೋ.

ಎರಡು ಪುಸ್ತಿಕೆ ಮಾಡಿದ್ದು ತಪ್ಪೇ. ನಾಲ್ಕು ಜಾಗ ಲಂಚವೇ. ಇದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹದಿನಾಲ್ಕು ಮಕ್ಕಳಿಗೂ ಆ ಪ್ರಯೋಗಾಲಯದ ಬಾಗಿಲು ತೆರೆಯುವವರೆಗೆ ಬಿಡುವುದೂ ಇಲ್ಲ. ಅಜ್ಜಿಯ ಆಶೀರ್ವಾದ ನಿಮಗಿರಲಿ, ಅವಳು ಹೇಳದಿದ್ದರೂ ನಾನೇ ಬರೆಯುತ್ತಿದ್ದೇನೆ. ಸ್ವೆಟರ್ ಹಾಕಿಕೊಳ್ಳಿ, ಉದ್ದನೆಯ ತೋಳನ್ನು ಮಡಚಿಕೊಳ್ಳಿ. ತೊಟ್ಟಿಯ ಹತ್ತಿರ ನಿಲ್ಲುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ಮಗ,
ಲೌಡ್‌ಸ್ಪೀಕರ್

ಮತ್ತೆ: ಲಾರಿ ಡ್ರೈವರು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ತಂಗಿ ಮಾತಿಗೆ ನಿಂತು ಫಾರಂ ಬಿಟ್ಟದ್ದಲ್ಲ. ಮೇಡಂ ಬಂದುಹೋದ ಮೇಲೆ ಅವಳು ಫಾರಂ ತುಂಬಿದ್ದಳು, ಉನ್ನತ ರಸಾಯನದ ಮುಂದೆ ಗುರುತು ಹಾಕಿ, ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಿ, ಭೂಗೋಳದ ಪುಸ್ತಕದೊಳಗೆ ಇಟ್ಟಿದ್ದಳು. ಗುರುವಾರ ಬೆಳಗ್ಗೆ ಅವಳು ಮುಖ ತೊಳೆಯಲು ಹೋದಾಗ ನಾನು ಅದನ್ನು ಚೀಲದಿಂದ ತೆಗೆದುಕೊಂಡೆ. ಮೊದಲು ಬಾಗುವುದು ನಮ್ಮ ಮನೆಯಾಗಬಾರದು ಎಂದುಕೊಂಡೆ. ಗುರುವಾರವೆಲ್ಲ ಮನೆಯನ್ನು ತಡಕಾಡಿದಳು, ಶುಕ್ರವಾರ ಶಾಲೆಯ ಕಿಟಕಿಯ ಮುಂದೆ ಚೀಲವನ್ನು ನೆಲಕ್ಕೆ ಸುರಿದು ಹುಡುಕಿದಳಂತೆ. ಫಾರಂ ಎರಡೂ ದಿನ ನನ್ನ ಅಂಗಿಯ ಜೇಬಿನಲ್ಲಿತ್ತು. ಹರಿಯಲಿಲ್ಲ, ಹರಿಯಲು ಕೈ ಬರಲಿಲ್ಲ, ಮೂರು ಮಡಿಕೆ ಹಾಕಿ ಇಟ್ಟುಕೊಂಡಿದ್ದೇನೆ. ಅಜ್ಜಿಗೆ ಗೊತ್ತಾಗಿದೆ. ತಂಗಿಗೂ ಗೊತ್ತಿದೆ ಎಂದು ನನಗನ್ನಿಸುತ್ತದೆ, ಆದರೆ ಕೇಳುವುದಿಲ್ಲ. ನಿನ್ನೆ ಹೆಡ್‌ಮಿಸ್ ಹತ್ತಿರ ಹೋಗಿ ನಾನು ಮಾಡಿದ್ದನ್ನು ಹೇಳಿದೆ. ಪ್ರಯೋಗಾಲಯದಲ್ಲಿ ಅವಳಿಗೆ ಇನ್ನೊಂದು ಸ್ಟೂಲು ಹಾಕಿಸಬಹುದು, ಆದರೆ ‘ಅಣ್ಣನ ಭಾಷಣ ಬೇಡ, ಅಪ್ಪ ಬಂದು ಸಹಿ ಹಾಕಲಿ’ ಎಂದರು. ಒಂದೇ ದಿನ ಕೊಟ್ಟಿದ್ದಾರೆ. ನಿಮ್ಮನ್ನು ಕರೆಯುವ ಬಾಯಿ ನನಗಿಲ್ಲ, ಆದರೂ ಬನ್ನಿ. ನಾನು ಫಾರಂ ಹಿಡಿದುಕೊಂಡು ಬರುತ್ತೇನೆ, ಅವಳನ್ನೂ ಕರೆತರುತ್ತೇನೆ, ಅವಳೆದುರಿಗೇ ಅದನ್ನು ಬಿಚ್ಚಿ ನಿಮ್ಮ ಕೈಗೆ ಕೊಡುತ್ತೇನೆ. ಶಾಲೆಯ ಹಿಂದಿನ ಗೇಟು, ಪ್ರಯೋಗಾಲಯದ ಮೆಟ್ಟಿಲ ಹತ್ತಿರ, ಗುರುವಾರ, ಜೂನ್ ಹನ್ನೆರಡು, ಬೆಳಗ್ಗೆ ಹತ್ತೂವರೆ.