ಲೇಬಲ್ ಇಲ್ಲದ ಬಾಟಲಿ

ಅಪ್ಪಾ,

ಹೊಸ ಬಿಳಿ ವೈನ್ ತಯಾರಾಗಿದೆಯೆಂದು ಊರಿಗೆ ತಿಳಿಯಲಿ ಅಂತ ಇವತ್ತು ಗೇಟಿಗೆ ಪೈನ್ ಕೊಂಬೆ ಕಟ್ಟಿದೆ. ನೀನಿಲ್ಲದೆ ಇದೇ ಮೊದಲು. ವಿಯೆನ್ನಾದಿಂದ ಬಂದವನೊಬ್ಬ ಒಂದು ಗುಟುಕು ಕುಡಿದು, "ಔಷಧಿ ಹೊಡೀದೆ ಬೆಳೆದ ದ್ರಾಕ್ಷಿದು, ಇಷ್ಟು ಅಗ್ಗಕ್ಕೆ ಕೊಡ್ತೀರಲ್ಲ, ತಲೆ ಕೆಟ್ಟಿದೆಯೇನ್ರೀ?" ಎಂದ.

"ನಮ್ಮಪ್ಪನಿಗೆ ಕೆಟ್ಟಿತ್ತು, ಈಗ ನನಗೂ ಕೆಟ್ಟಿದೆ" ಎಂದೆ. ಎಲ್ಲರೂ ನಕ್ಕರು.

ಆಮೇಲೆ ಪಕ್ಕದ ತೋಟದ ಪೋಲ್ಡಿ ಮಾಮ ನಮ್ಮ ನೆಲಮಾಳಿಗೆಯಿಂದ ಲೇಬಲ್ ಇಲ್ಲದ ಬಾಟಲಿಯೊಂದನ್ನು ತಂದ. ಭಾನುವಾರದ ಊಟಕ್ಕೆ ನೀನೊಬ್ಬನೇ ಕುಡಿಯುತ್ತಿದ್ದೆಯಲ್ಲ, ಅದೇ.

"ಇದಕ್ಯಾಕೆ ಲೇಬಲ್ ಇಲ್ಲ ಮಾಮ?"

"ನಿಂಗೊತ್ತಿಲ್ವೇನೇ ರೋಸ್ವಿತಾ? ಬೂಷ್ಟು ಬಿದ್ದ ವರ್ಷ ಕೆಳಗಿನ ಮೂರು ಸಾಲು ಬಳ್ಳಿಗೆ ನೀನು ಕದ್ದು ಔಷಧಿ ಹೊಡ್ದಿದ್ಯಲ್ಲ, ಅದರದ್ದು. ನಿಮ್ಮಪ್ಪ ಅದನ್ನ ಬೇರೆಯಾಗೇ ಹಿಂಡಿಸಿದ. ನಮ್ಮ ಹೆಸರಲ್ಲಿ ಮಾರೋ ಹಾಗಿಲ್ಲ, ಮಗಳು ಉಳಿಸಿದ ಬೆಳೆ, ಚೆಲ್ಲೋ ಹಾಗೂ ಇಲ್ಲ ಅಂದ."

ನಿನಗೆ ಗೊತ್ತೇ ಇಲ್ಲ ಅಂದುಕೊಂಡು ಒಂಬತ್ತು ವರ್ಷ ನಿನ್ನೆದುರು ಕೂತು ಉಂಡೆ. ನಾನು ಲೋಟ ಚಾಚಿದಾಗಲೆಲ್ಲ ನೀನು ಆ ಬಾಟಲಿಯನ್ನು ಆಚೆ ಸರಿಸಿ, ಮಾರುವ ಒಳ್ಳೆಯದನ್ನೇ ನನಗೆ ಸುರಿಯುತ್ತಿದ್ದೆ. ಅದನ್ನು ಕೊಡದ ಜಿಪುಣ ಅಂತ ನಾನು ನಿನ್ನನ್ನು ಬೈದಿದ್ದೆ.

ಇವತ್ತು ಆ ಬಾಟಲಿಯಿಂದ ನನ್ನ ಲೋಟವನ್ನು ನಾನೇ ತುಂಬಿಕೊಂಡೆ.