ಸೊಂಟದೆತ್ತರದ ಗೋಡೆ

ಗೊಬ್ಬೂರ
೨೮ ನವೆಂಬರ್ ೨೦೨೪

ಸುನಿತಾಳ ಅಪ್ಪನವರಿಗೆ ಶರಣಾರ್ಥಿಗಳು.

ನನ್ನ ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಪುಣೆಗೆ ಹೊರಟವರ ಕೈಯಲ್ಲಿ ಈ ಕಾಗದ. ಸಿಟ್ಟಿಗೆ ಹರಿದು ಹಾಕಬೇಡಿ, ಸುದ್ದಿ ಸಿಹಿಯಾಗಿದೆ. ಚೌಡಾಪುರದ ಯಾತ್ರಿ ನಿವಾಸದ ಗೋಡೆ ನಿನ್ನೆ ಮುಗಿಯಿತು! ದತ್ತ ಜಯಂತಿಯೊಳಗೆ ಗೋಡೆ ಏಳದಿದ್ದರೆ ಕೆಲಸ ಸೊಲ್ಲಾಪುರದವರಿಗೆ ಎಂದಿದ್ದ ಅಣ್ಣಾರಾಯ ಸಾಹುಕಾರರೇ ನಿಂತು ಪೇಢೆ ಹಂಚಿದರು. ಈ ಕೆಲಸ ತಪ್ಪಿದ್ದರೆ ನಮ್ಮ ತಂಡವೆಲ್ಲ ನಿಮ್ಮ ಹಾಗೆ ಗಂಟು ಕಟ್ಟಿಕೊಂಡು ಪುಣೆ ಬಸ್ಸು ಹತ್ತಬೇಕಿತ್ತು.

ಹತ್ತಿ ನಿಂತು ಗೋಡೆ ಕಟ್ಟಲು ಬಿದಿರು ಬಿಟ್ಟು ಕಬ್ಬಿಣದ ಸಾರುವೆಯನ್ನು ನಾನು ಬಾಡಿಗೆಗೆ ತಂದ ದಿನ, "ಈ ಕಬ್ಬಿಣ ಹೆಣ್ಮಕ್ಕಳ ಕೂಲಿ ತಿಂತದ, ನೋಡಕೋತ ಇರು" ಎಂದು ಹೇಳಿ ಹೊರಟಿರಿ. ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಮೊದಲ ದಿನವಂತೂ ನಗೆಪಾಟಲು ಬಿಡಿ. ಮಲ್ಕಪ್ಪ ಮಾವ ಬಿದಿರಿನ ರೂಢಿಯಲ್ಲಿ ಪೈಪಿನ ಸಂದಿಗೆಲ್ಲ ಹಗ್ಗ ಬಿಗಿದುಬಿಟ್ಟರು. ಆ ಗಂಟು ಬಿಚ್ಚುವಷ್ಟರಲ್ಲಿ ಹೊತ್ತು ಮುಳುಗಿತು.

ಆಮೇಲೆ ನೀವು ನೋಡಬೇಕಿತ್ತು! ಗೋಡೆ ಏರಿದಂತೆ ಹಲಗೆಯನ್ನೂ ಏರಿಸಿದೆವು. ಕೆಲಸ ಯಾವಾಗಲೂ ಸೊಂಟದೆತ್ತರಕ್ಕೇ. ಇಟ್ಟಿಗೆ ಕಟ್ಟುವ ಗೌಂಡಿ ಬಗ್ಗುವುದಿಲ್ಲ, ಕೈ ಚಾಚುವುದಿಲ್ಲ. ಇಟ್ಟಿಗೆ, ಗಾರೆ ಮೊದಲೇ ಪಕ್ಕದ ಹಲಗೆಗೆ ಬಂದು ಕೂತಿರುತ್ತವೆ. ಬುಟ್ಟಿ ದಾಟಿಸಲು ಸಾಲುಗಟ್ಟಿ ನಿಲ್ಲುತ್ತಿದ್ದ ಕಡೆ ಇಬ್ಬರೇ ಸಾಕಾದರು. ಗೋಡೆಗೆ ಬೀಳುವ ಕೂಲಿ ಖರ್ಚು ಅರ್ಧಕ್ಕೆ ಇಳಿಯಿತು. ಹಾಗಂತ ಒಬ್ಬ ಹೆಣ್ಣುಮಗಳನ್ನೂ ಮನೆಗೆ ಕಳಿಸಲಿಲ್ಲ. ಉಳಿದವರಿಗಾಗಿ ಅಫಜಲಪುರದಲ್ಲಿ ಒಂದು ಮನೆಯ ಕೆಲಸವನ್ನೂ ಹಿಡಿದೆ. ಈಗ ಹೇಳಿ, ಕಬ್ಬಿಣ ಯಾರ ಕೂಲಿ ತಿಂದಿತು?

ನಿಮ್ಮ ಜಾಗ ಖಾಲಿಯಾಯಿತೆಂದು ನಿಮ್ಮ ಜೋಡಿ ಗೌಂಡಿ ಖಮರಭಾಯಿಯ ಜೊತೆಗೆ ಹೊಸ ಗೌಂಡಿಯೊಬ್ಬರು ನಿಂತರು. ಮೊದಲೆರಡು ಸಾಲು ಸೊಟ್ಟಗಾಗಿ ಬಿಚ್ಚಬೇಕಾಯಿತು, ಸುಳ್ಳು ಯಾಕೆ ಹೇಳಲಿ. ನಿನ್ನೆ ಮಾತ್ರ ಖಮರಭಾಯಿ ದಾರಕ್ಕೆ ಗುಂಡು ಕಟ್ಟಿ ಮೂಲೆಗೆ ಇಳಿಬಿಟ್ಟು ಗೋಡೆ ನೇರವಿದೆಯೇ ಎಂದು ನೋಡಿ, ನಿಮ್ಮ ಹೆಸರು ಹಿಡಿದು, "ಅವನ ಕೈನೇ ನೋಡಿದಂಗ ಆತು ನೋಡ್ರಿ" ಎಂದರು. ನನಗೆ ಕಣ್ಣು ತುಂಬಿ ಬಂತು.

ಸಿಟ್ಟು ಇಳಿದಿದ್ದರೆ ಬನ್ನಿ. ಮೇಲಿನ ಮಹಡಿಯೂ ನಮಗೇ ಸಿಕ್ಕಿದೆ, ಹಲಗೆಯ ಮೇಲೆ ನಿಮಗೂ ಜಾಗವಿದೆ.

ನಿಮ್ಮ ದಾರಿ ಕಾಯುತ್ತಿರುವ, ಆದರೆ ಕೈಕಟ್ಟಿ ಕೂರದ,
ಸುಭದ್ರಾಬಾಯಿ

ತಾ.ಕ.: ಕಬ್ಬಿಣದ ಸಾರುವೆಗೆ ಒಳಗೇ ಏಣಿ ಇದೆ, ಸೀರೆ ಉಟ್ಟುಕೊಂಡೂ ಹತ್ತಬಹುದು. ಆ ಹೊಸ ಗೌಂಡಿ ನಾನೇ. ನೀವು ಬಿಟ್ಟು ಹೋದ, ಗಾರೆ ಮೆತ್ತುವ ಕರಣಿ ನನ್ನ ಕೈಗೆ ಒಗ್ಗಿಬಿಟ್ಟಿದೆ. ಬರುವಾಗ ನಿಮಗೊಂದು ಹೊಸದು ತನ್ನಿ.