ವಜ್ರವ್ವನ ಮಗಳ ತೂಕ

ಬಾಗಲಕೋಟೆ
ಫೆಬ್ರವರಿ ೩೦, ೨೧೯೧

ನೀಲಗಂಗಾ ಆಯಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ಕಲ್ಲವ್ವನ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮಗೀಗ ಮೂವತ್ತೆಂಟು, ನನಗೆ ಅರವತ್ತೊಂದು. ಆದರೂ ಆಯಿ ಎಂದು ಕರೆಯಬೇಕಾದವಳು ನಾನೇ, ಬೈಯಬೇಕಾದವಳೂ ನಾನೇ.

ನಿಮ್ಮ ಅಡುಗೆಯ ನೋಟ್‌ಬುಕ್ಕು ನನ್ನ ಬಳಿ ಇದೆ. ಅದರಲ್ಲಿ ಅಂಟಿನ ಉಂಡೆಯ ಪುಟವೊಂದಿದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಬಟ್ಟಲು ತುಂಬ ತುಪ್ಪ. ಬಾಣಂತಿಯ ಸೊಂಟಕ್ಕೆಂದು ನಿಮ್ಮ ಅತ್ತೆ ಹೇಳಿಕೊಟ್ಟದ್ದು. ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ನೀವು ಬರೆದಿದ್ದೀರಿ: "ಇನ್ನ ಈ ಮನ್ಯಾಗ ತುಪ್ಪ ಬ್ಯಾಡ. ಸಾಲ್ಯಾಗ ಚಿನ್ಮಯಿಗೆ ಡುಮ್ಮಿ ಅಂತಾರ. ಬರೋ ಬುಧವಾರ ಆಕೀಗೆ ಸೂಜಿ." ಹನ್ನೊಂದು ವರ್ಷದ ಹುಡುಗಿ ಅಳುತ್ತ ಮನೆಗೆ ಬಂದಳು ಎಂದರೆ ಅಣಕಿಸಿದವರ ಕಿವಿ ಹಿಂಡಬೇಕಿತ್ತು. ನೀವು ಮಗಳ ಮೈ ಕರಗಿಸಲು ಹೊರಟಿರಿ.

ಆ ಸೂಜಿಗೆ ನಾವು 'ಕರಗು' ಎನ್ನುತ್ತೇವೆ. ಈಗ ಅದು ಕಾಯಿದೆ. ತೊಟ್ಟಿಲಿಗೆ ಹಾಕುವ ದಿನ, ಹೆಸರು ಕೂಗುವ ಮೊದಲು, ಮಗುವಿನ ತೊಡೆಗೆ ಚುಚ್ಚಬೇಕು. ಆಮೇಲೆ ಏನು ತಿಂದರೂ ಸಾಯುವ ತನಕ ಮೈಯಲ್ಲಿ ಕೊಬ್ಬು ನಿಲ್ಲುವುದಿಲ್ಲ. ನಾವೆಲ್ಲ ತೆಳ್ಳಗೆ ಇದ್ದೇವೆ, ಆಯಿ, ನೋಡಿದರೆ ಖುಷಿಪಡುತ್ತಿದ್ದಿರಿ. ನಮ್ಮಲ್ಲಿ ಯಾರೂ ಹಿರಿಯರ ಕಾಲು ಮುಟ್ಟುವುದಿಲ್ಲ. ಬಗ್ಗಿದರೆ ಬೆನ್ನೆಲುಬಿನ ಮಣಿ ಕುಸಿಯುತ್ತದೆ. ಸೀನು ಬಂದರೆ ಗೋಡೆ ಹಿಡಿಯಬೇಕೆಂಬುದನ್ನು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ರೊಟ್ಟಿ ಬಡಿಯುವ ಮಣಿಕಟ್ಟು ಊರಿನಲ್ಲಿ ಒಂದೂ ಉಳಿದಿಲ್ಲ. ಕುಂಟಾಟ ಆಡಿದ ಮಕ್ಕಳ ಹೆತ್ತವರಿಗೆ ನೋಟಿಸು ಬರುತ್ತದೆ. ಹೆಸರುಗಳು ಮಾತ್ರ ಗಟ್ಟಿ: ಕಲ್ಲವ್ವ, ಉಕ್ಕಪ್ಪ, ಬಂಡೆಪ್ಪ. ನನ್ನ ಮಗಳು ವಜ್ರವ್ವ.

ಏನಾಯಿತೆಂದು ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಎಲುಬಿನೊಳಗಿನ ಮಜ್ಜೆಯಲ್ಲಿ ಒಂದು ಮೂಲ ಕೋಶವಿದೆ. ಅದು ಎಲುಬು ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ಮೈಮೇಲೆ ಹದವಾಗಿ ಕೊಬ್ಬಿದ್ದರೆ ಅದರ ಭಾರ ಹೊತ್ತು, ಅದು ಕಳಿಸುವ ರಸಗಳನ್ನು ಪಡೆದು ಎಲುಬು ಗಟ್ಟಿಯಾಗುತ್ತದೆ. ಮೈ ಬರಿದಾದರೆ ಆ ಕೋಶಗಳು ಹೆದರಿ, ಎಲುಬು ಕಟ್ಟುವುದನ್ನು ಬಿಟ್ಟು ತಾವೇ ಕೊಬ್ಬಾಗತೊಡಗುತ್ತವೆ. ಸೊಂಟದಿಂದ ನೀವು ಓಡಿಸಿದ್ದು ಎಲುಬಿನೊಳಗೆ ಹೋಗಿ ಕೂತಿದೆ. ಇದು ಗೊತ್ತಾದ ಮೇಲೂ ನಮ್ಮವರು ಸೂಜಿ ನಿಲ್ಲಿಸಲಿಲ್ಲ, ನೆಲಕ್ಕೆ ಮೆತ್ತೆ ಹಾಸಿದರು. ಮೂವತ್ತು ವರ್ಷದಿಂದ ಈ ಓಣಿಯ ಮಕ್ಕಳಿಗೆಲ್ಲ ಚುಚ್ಚುತ್ತ ಬಂದವಳು ನಾನು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ವಜ್ರವ್ವನಿಗೆ ಚುಚ್ಚಿದವಳೂ ನಾನೇ.

ಹನ್ನೆರಡು ದಿನದ ಹಿಂದೆ ವಜ್ರವ್ವ ಹೆಣ್ಣು ಹೆತ್ತಳು. ನಮ್ಮಲ್ಲಿ ಬಾಣಂತಿ ಮಗುವನ್ನು ಎತ್ತುವಂತಿಲ್ಲ. ಮಂಚಕ್ಕೆ ಜೋಡಿಸಿದ 'ಎತ್ತುಕೈ' ಎಂಬ ಯಂತ್ರ ಮಗುವನ್ನು ಎದೆಯ ಹತ್ತಿರ ತಂದು ಹಿಡಿಯುತ್ತದೆ, ಹಾಲು ಕುಡಿದ ಮೇಲೆ ಒಯ್ಯುತ್ತದೆ. ನಾಲ್ಕನೆಯ ದಿನ ಮಗು ತಡೆಯಿಲ್ಲದೆ ಅತ್ತಿತು. ವಜ್ರವ್ವ ಎತ್ತುಕೈಯನ್ನು ಪಕ್ಕಕ್ಕೆ ತಳ್ಳಿ, ತಾನೇ ಬಗ್ಗಿ ಎತ್ತಿಕೊಂಡಳು. ನಾನು ಬಾಗಿಲಲ್ಲಿದ್ದೆ. ಒಣ ಕಡ್ಡಿ ಮುರಿದಂತೆ ಸದ್ದಾಯಿತು, ಎರಡು ಸಲ. ಅವಳು ಮಗುವನ್ನು ಬಿಡಲಿಲ್ಲ.

ಬೆನ್ನು ಕೂಡಿಕೊಂಡರೆ ವರ್ಷದ ಮೇಲೆ ಆರು ಕಿಲೋದವರೆಗೆ ಎತ್ತಬಹುದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಕರಗು ಚುಚ್ಚಿದ ಮಗು ವರ್ಷಕ್ಕೆ ಆರು ಕಿಲೋ ದಾಟುವುದಿಲ್ಲ. ಚುಚ್ಚದಿದ್ದರೆ ಒಂಬತ್ತಾಗುತ್ತದೆ, ನಿಮ್ಮ ಕಾಲದ ಮಕ್ಕಳ ಹಾಗೆ. ಆಗ ವಜ್ರವ್ವ ತನ್ನ ಮಗಳನ್ನು ಈ ಜನ್ಮದಲ್ಲಿ ಮತ್ತೆ ಎತ್ತಿಕೊಳ್ಳಲಾರಳು. ಈ ಲೆಕ್ಕವನ್ನು ನಾನು ಅವಳಿಂದ ಮುಚ್ಚಿಡಬೇಕೆಂದಿದ್ದೆ. ಅವಳೇ ಕಾಗದ ಓದಿ, ಸೂರು ನೋಡುತ್ತ ಮಲಗಿದ್ದವಳು ನಿನ್ನೆ ಅಂದಳು:

"ಯವ್ವಾ, ನಾಳೆ ಅಕೀಗೆ ಚುಚ್ಚಬ್ಯಾಡ. ನನಗ ಎತ್ತಾಕ ಆಗದಿದ್ರ ಹೋಗ್ಲಿ ಬಿಡು. ಅಕಿಯರ ನೆಟ್ಟಗ ನಿಂದರ್ಲಿ."

ನಾನು ಅಡುಗೆಮನೆಗೆ ಹೋಗಿ ಅತ್ತೆ. ನಿಮ್ಮ ಮೇಲೆ ಬಂದ ಸಿಟ್ಟಿಗೆ ನೋಟ್‌ಬುಕ್ಕನ್ನು ಹರಿಯಬೇಕೆಂದಿದ್ದೆ, ಹರಿಯಲಿಲ್ಲ. ಆ ಕೆಂಪು ಗೆರೆಯ ಅಡಿಯ ಅಕ್ಷರಗಳು ಇನ್ನೂ ಓದಲು ಬರುತ್ತವೆ.

ಇವತ್ತು ತೊಟ್ಟಿಲ ದಿನ. ಇನ್ನೊಂದು ತಾಸಿಗೆ ಓಣಿಯವರು ಬರುತ್ತಾರೆ. ಅವರೆದುರಿಗೆ ನಾನು ಮಗುವಿನ ತೊಡೆಗೆ ಸೂಜಿ ಚುಚ್ಚುತ್ತೇನೆ. ಒಳಗೆ ಕಾಯಿಸಿ ಆರಿಸಿದ ಬರೀ ನೀರು. ಮುಂದೆ ಮಗು ದುಂಡಗಾದಾಗ ಎಲ್ಲ ಗೊತ್ತಾಗುತ್ತದೆ, ನನ್ನನ್ನು ಒಯ್ಯುತ್ತಾರೆ. ಅವಳನ್ನೂ ಡುಮ್ಮಿ ಎನ್ನುತ್ತಾರೆ. ಅವಳಿಗೆ ಚಿನ್ಮಯಿ ಎಂದೇ ಹೆಸರಿಡುತ್ತಿದ್ದೇವೆ.

ಈ ಪತ್ರ ಬುಧವಾರದ ಮೊದಲೇ ತಲುಪಿದರೆ ಏನು ಮಾಡಬೇಕೆಂದು ನಿಮಗೆ ಗೊತ್ತಿದೆ. ಅದಾಗದಿದ್ದರೂ ಒಂದು ಕೆಲಸ ನಡೆಸಿಕೊಡಿ. ಸಾಲೆಯಿಂದ ಬಂದ ಮಗಳನ್ನು ಒಮ್ಮೆ ಎತ್ತಿಕೊಳ್ಳಿ. ಹನ್ನೊಂದು ವರ್ಷದವಳು, ಭಾರ ಇದ್ದಾಳು, ನಾಚಿಕೊಂಡಾಳು, ಬಿಡಬೇಡಿ. ನಿಮ್ಮ ಸೊಂಟ ಎರಡು ದಿನ ನೊಂದೀತು, ಆಯಿ. ಮುರಿಯುವುದಿಲ್ಲ.